ದೂರು ಬಂದಿಲ್ಲ ಅಂದಮಾತ್ರಕ್ಕೆ ತೊಂದರೆ ಇಲ್ಲವೇ?

ಪ್ರಶ್ನೆ: ಹೊಗೆ ಬಿಡುವ ಕಾರ್ಖಾನೆ ಪಕ್ಕದಲ್ಲಿ ಇರುವವರನ್ನೇ ಕೇಳಿದರೆ 'ಆರಾಮಾಗಿದ್ದೇವೆ' ಅನ್ನುತ್ತಾರೆ. ಅವರಿಗೇ ಇಲ್ಲದ ಚಿಂತೆ ಹೊರಗಿನವರಿಗೆ ಯಾಕೆ? ಇದರಲ್ಲಿ ಅನ್ಯಾಯ ಎಲ್ಲಿದೆ?

ಉತ್ತರ: ಆರೋಗ್ಯ ಮತ್ತು ಪರಿಸರದ ನೀತಿಶಾಸ್ತ್ರ ಪಾಠ ಮಾಡಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.  

ಒಮ್ಮೆ ಉಸಿರಾಟದ ಸಮೀಕ್ಷೆ ಮಾಡುವ ತಂಡದ ಜೊತೆ ಇಂಥದ್ದೇ ಜಾಗಕ್ಕೆ ಹೋಗಿದ್ದೆ. ಐವತ್ತು ದಾಟಿದ ಹೆಂಗಸೊಬ್ಬರು ನಮ್ಮನ್ನು ಮಹಡಿಗೆ ಕರೆದುಕೊಂಡು ಹೋದರು. ಹದಿನಾಲ್ಕೇ ಮೆಟ್ಟಿಲು. ಎರಡು ಸಲ ಗೋಡೆ ಹಿಡಿದು ನಿಂತರು. ಮೇಲೆ ಬಂದು ಕೂತ ಮೇಲೆ, ಉಸಿರಾಟಕ್ಕೆ ಏನಾದರೂ ತೊಂದರೆ ಇದೆಯಾ ಎಂದು ಕೇಳಿದೆವು. 'ಏನೂ ಇಲ್ಲ' ಅಂದರು. ಉಸಿರನ್ನು ಎಷ್ಟು ಜೋರಾಗಿ ಹೊರಹಾಕಬಲ್ಲರು ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ಕೈಗೆ ಕೊಟ್ಟೆವು. ಜೋರಾಗಿ ಊದಿದರೆ ಕೊಳವೆಯ ಮೇಲಿನ ಪುಟ್ಟ ಮುಳ್ಳು ಮುಂದಕ್ಕೆ ಜಾರುತ್ತದೆ. ಮೂರು ಸಲ ಊದಿದರು. ಅವರ ವಯಸ್ಸು, ಎತ್ತರಕ್ಕೆ ಬರಬೇಕಾದ ಅಳತೆಯ ಅರ್ಧದಲ್ಲೇ ಮುಳ್ಳು ನಿಂತುಬಿಟ್ಟಿತು. 'ಇಲ್ಲಿ ಎಲ್ಲರಿಗೂ ಹೀಗೇ, ವಯಸ್ಸಾಯ್ತಲ್ವಾ' ಅಂದರು. ಅವರು ಸುಳ್ಳು ಹೇಳಲಿಲ್ಲ. ಅಕ್ಕಪಕ್ಕದವರೆಲ್ಲ ಏದುಸಿರು ಬಿಡುವಾಗ ಅದು ಕಾಯಿಲೆ ಅಂತ ಗೊತ್ತಾಗುವುದಾದರೂ ಹೇಗೆ?

ಇದು ಹೊಸ ಮಾತೇನಲ್ಲ. 1944ರಲ್ಲಿ, ಬಂಗಾಳದ ಕ್ಷಾಮದ ಮರುವರ್ಷ, ಕಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ಒಂದು ಸಮೀಕ್ಷೆ ನಡೆಯಿತು. ಹೆಂಡತಿ ತೀರಿಕೊಂಡ ಗಂಡಸರಲ್ಲಿ ಶೇ 48.5 ಮಂದಿ ಆರೋಗ್ಯ ಸರಿಯಿಲ್ಲ ಅಂದರು. ಗಂಡ ತೀರಿಕೊಂಡ ಹೆಂಗಸರಲ್ಲಿ ಹಾಗಂದವರು ಬರೀ ಶೇ 2.5. ಆ ಕಾಲದ ವಿಧವೆಯರ ಪಾಡು ಗೊತ್ತಿದ್ದವರು ಈ ಅಂಕಿಯನ್ನು ನಂಬಿ 'ಅವರು ಗಟ್ಟಿಮುಟ್ಟಾಗಿದ್ದರು' ಅನ್ನುತ್ತಾರಾ? ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನೇ ಎತ್ತಿ ತೋರಿಸಿದರು. ಕೇಳಿ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಮನಸ್ಸು ಕೇಳುವುದನ್ನೇ ಬಿಟ್ಟುಬಿಡುತ್ತದೆ. ತೃಪ್ತಿಯನ್ನೇ ಅಳತೆಗೋಲು ಮಾಡಿಕೊಂಡರೆ ಜಾಸ್ತಿ ಸಹಿಸಿಕೊಂಡವರಿಗೇ ಕಡಿಮೆ ಪಾಲು ಸಿಗುತ್ತದೆ. ನೀವು ಕೇಳಿದ ಅನ್ಯಾಯ ಇರುವುದು ಅಲ್ಲೇ.

ಸೀಸ ಬೆರೆಸಿದ ಪೆಟ್ರೋಲನ್ನೇ ನೋಡಿ. 1920ರ ದಶಕದಲ್ಲಿ ಬಂದದ್ದು. ವಾಹನಗಳಿಗೆ ಅದನ್ನು ಮಾರುವುದು ಕೊನೆಯ ದೇಶದಲ್ಲಿ, ಅಲ್ಜೀರಿಯಾದಲ್ಲಿ, ನಿಂತದ್ದು 2021ರಲ್ಲಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಆದರೆ ಮಗು ಕಲಿಯುವುದರಲ್ಲಿ ಸ್ವಲ್ಪ ಹಿಂದೆ ಬಿದ್ದರೆ ಯಾವ ತಾಯಿ ರಸ್ತೆಯ ಹೊಗೆಯ ಮೇಲೆ ದೂರು ಕೊಡುತ್ತಾಳೆ? ಮಗುವನ್ನೇ ಗದರುತ್ತಾಳೆ. ದೂರಿಗೆ ಕಾಯುತ್ತಾ ಕೂತಿದ್ದರೆ ಸೀಸ ಇವತ್ತಿಗೂ ಇರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. 'ಜನಕ್ಕೆ ತಮ್ಮ ಒಳ್ಳೆಯದು ಗೊತ್ತಿಲ್ಲ' ಅಂತ ನಾನು ಹೇಳುತ್ತಿಲ್ಲ. ಆ ಮಾತು ಹೇಳಿಕೊಂಡು ಜನರನ್ನು ಎತ್ತಂಗಡಿ ಮಾಡಿದವರು ಬೇಕಾದಷ್ಟು ಇದ್ದಾರೆ, ನನಗೆ ಅವರ ಭಯ ಇದೆ. ಗಾಲಿಕುರ್ಚಿಯಲ್ಲಿ ಓಡಾಡುವ ಎಷ್ಟೋ ಮಂದಿ ತಮ್ಮ ಬದುಕು ಚೆನ್ನಾಗಿದೆ ಅನ್ನುತ್ತಾರೆ. ಅದನ್ನು ನಂಬಬೇಕು. ತಮ್ಮ ಬದುಕು ಏನು ಅಂತ ಅವರಿಗೆ ಪೂರ್ತಿ ಗೊತ್ತು. ಮೆಟ್ಟಿಲು ಹತ್ತಿದ ಆ ಹೆಂಗಸಿಗಾದರೋ ತನ್ನ ಶ್ವಾಸಕೋಶದ ಅಳತೆ ಅವತ್ತಿನವರೆಗೆ ಗೊತ್ತಿರಲಿಲ್ಲ, ಬೇರೆ ಕಡೆ ಹೋಗುವ ದಾರಿಯೂ ಇರಲಿಲ್ಲ. ನಾನು ನೋಡುವುದು ಈ ಎರಡನ್ನೇ: ವಿಷಯ ತಿಳಿದ ಮೇಲೂ, ಬೇರೆ ದಾರಿ ಇದ್ದೂ ಅದೇ ಮಾತು ಹೇಳುತ್ತಾರಾ? ಹಾಗಾಗಿ ಮೊದಲು ಅಳೆಯಿರಿ, ಅಳತೆಯನ್ನು ಅವರ ಕೈಗೆ ಕೊಡಿ, ಆಮೇಲೆ ಅಭಿಪ್ರಾಯ ಕೇಳಿ. ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣಗಳ, ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೊಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅದಕ್ಕೆ ಮೊದಲು ಈ ಮಿತಿ 10 ಇತ್ತು. ಇದನ್ನು ಇಳಿಸಿದ್ದು ಕಾಯಿಲೆ, ಸಾವಿನ ಲೆಕ್ಕ ನೋಡಿ. ದೂರು ಅರ್ಜಿಗಳನ್ನು ಎಣಿಸಿ ಯಾರೂ ಇಳಿಸಲಿಲ್ಲ.

ಪ್ರಶ್ನೆ: ಇನ್ನೂ ಹುಟ್ಟದವರಿಗಾಗಿ ಇವತ್ತು ಯಾಕೆ ಖರ್ಚು ಮಾಡಬೇಕು?

ಉತ್ತರ: ಮುಂದೆ ಸಿಗುವುದಕ್ಕೆ ಇವತ್ತಿನದಕ್ಕಿಂತ ಕಡಿಮೆ ಬೆಲೆ ಕಟ್ಟುವ ಲೆಕ್ಕವೊಂದು ಅರ್ಥಶಾಸ್ತ್ರದಲ್ಲಿದೆ, ಚಕ್ರಬಡ್ಡಿಯನ್ನು ಹಿಂದುಮುಂದಾಗಿ ಹಾಕಿದ ಹಾಗೆ. ವರ್ಷಕ್ಕೆ ಶೇ 5ರ ದರದಲ್ಲಿ ಹಾಗೆ ಲೆಕ್ಕ ಹಾಕಿದರೆ, ನೂರು ವರ್ಷದ ನಂತರದ ಸುಮಾರು 131 ಜೀವ ಇವತ್ತಿನ ಒಂದು ಜೀವಕ್ಕೆ ಸಮ ಅಂತ ಲೆಕ್ಕ ಬರುತ್ತದೆ. ಇದಕ್ಕೆ ಒಪ್ಪುವವರು ತಮ್ಮ ಮರಿಮಕ್ಕಳ ಹೆಸರು ಹಿಡಿದು ಒಪ್ಪಲಿ.

ಪ್ರಶ್ನೆ: ಒಳ್ಳೆಯ ಯೋಚನೆ ಮಾಡಿದರೆ ಕಾಯಿಲೆ ಬರಲ್ಲ, ಅಲ್ವಾ?

ಉತ್ತರ: ಬರುತ್ತದೆ. ಹೀಗೆ ಹೇಳಿ ಕಾಯಿಲೆ ಬಿದ್ದವರ ತಲೆಗೇ ತಪ್ಪು ಕಟ್ಟಬೇಡಿ.

ಪ್ರಶ್ನೆ: ಶ್ವಾಸಕೋಶ ಶುದ್ಧ ಮಾಡುವ ಕಷಾಯ ಕುಡಿದರೆ ಸಾಕಾ?

ಉತ್ತರ: ಹೊಗೆ ಕಣಗಳನ್ನು ತೊಳೆದು ತೆಗೆಯುವ ಕಷಾಯ ಇಲ್ಲ. ಅದನ್ನು ಮಾರುವವರು ನಿಮ್ಮ ಭಯವನ್ನು ಮಾರಿಕೊಳ್ಳುತ್ತಿದ್ದಾರೆ. ಎರಡು ವಾರ ದಾಟಿದ ಕೆಮ್ಮಿದ್ದರೆ ವೈದ್ಯರ ಹತ್ತಿರ ಹೋಗಿ, ಊದಿಸಿ ನೋಡಿ ಅಂತ ನೀವೇ ಕೇಳಿ.