ಡಯಲ್-ಅಪ್ ಫೋನ್‌ಬುಕ್ಕನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಲು ಸರಳ ಸಾಧನ ಯಾವುದಾದರೂ ಇದೆಯೇ?

ಮೂಡಿಗೆರೆ ಸಮೀಪದ ತೋಟದ ಕಚೇರಿಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ, ಹಾಸನ, ಚಿಕ್ಕಮಗಳೂರು, ಸಕಲೇಶಪುರದ ಕಚೇರಿಗಳಿಗೆ, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಮೂಲಕ ಲೆಕ್ಕಪತ್ರ ಕಳುಹಿಸಲು ಮಾಡಿಕೊಂಡ ಸಂಪರ್ಕಗಳೆಲ್ಲ ‘ಡಯಲ್-ಅಪ್ ಕನೆಕ್ಷನ್ 2’, ‘ಡಯಲ್-ಅಪ್ ಕನೆಕ್ಷನ್ 3’ ಎಂಬ ಹೆಸರಿನಲ್ಲೇ ಬೆಳೆದು, ಯಾವುದು ಯಾರದೆಂದು ತಿಳಿಯದಂತಾಗಿದೆ ಎಂದು ತಾವು ಬರೆದಿದ್ದೀರಿ. ಇದಕ್ಕಾಗಿ ಹೊರಗಿನಿಂದ ಯಾವ ತಂತ್ರಾಂಶವನ್ನೂ ತರಬೇಕಾಗಿಲ್ಲ. ಈ ಸಂಪರ್ಕಗಳ ಪಟ್ಟಿಯನ್ನು, ಅಂದರೆ ಫೋನ್‌ಬುಕ್ಕನ್ನು, ತೆರೆದು ತಿದ್ದಲು ವಿಂಡೋಸ್ ಜೊತೆಯಲ್ಲೇ ಬರುವ ರಾಸ್‌ಫೋನ್ ಎಂಬ ಪುಟ್ಟ ಸಾಧನವೊಂದು ಸಾಕು. ಹಾಸನದಲ್ಲಿ ಕಾಫಿ ವ್ಯಾಪಾರದ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಾಗ ನಾನು ನೆಚ್ಚಿಕೊಂಡಿದ್ದುದು ಇದನ್ನೇ.

ಸ್ಟಾರ್ಟ್ ಮೆನುವಿನ ರನ್‌ನಲ್ಲಿ ಆರ್, ಎ, ಎಸ್ ಅಕ್ಷರಗಳಿಗೆ ಫೋನ್ ಎಂಬುದನ್ನು ಸೇರಿಸಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಹೆಸರು ಬದಲಿಸುವಾಗ ಊರು ಮೊದಲು, ಕಚೇರಿ ಆಮೇಲೆ ಬರುವಂತೆ ನೋಡಿಕೊಳ್ಳಿ. ಒಂದೇ ಊರಿನ ಸಂಪರ್ಕಗಳು ಹುಡುಕುವಾಗ ಒಟ್ಟಿಗೆ ಸಿಗುತ್ತವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡುವುದು ಕ್ಷೇಮ.

ಹೆಸರಿಗಿಂತ ಮುಖ್ಯವಾದದ್ದು ಸಂಖ್ಯೆಯನ್ನು ಬರೆಯುವ ಕ್ರಮ. ಬಹುತೇಕರು ಎಸ್‌ಟಿಡಿ ಕೋಡ್ ಸಮೇತ ಇಡೀ ಸಂಖ್ಯೆಯನ್ನು ಒಂದೇ ಕಡೆ ತುಂಬಿಬಿಡುತ್ತಾರೆ. ಹಾಗೆ ಮಾಡದೆ, ಪ್ರಾಪರ್ಟೀಸ್‌ನಲ್ಲಿ ‘ಯೂಸ್ ಡಯಲಿಂಗ್ ರೂಲ್ಸ್’ ಎಂಬುದಕ್ಕೆ ಗುರುತು ಹಾಕಿ, ದೇಶವನ್ನು ಭಾರತ ಎಂದು ಆರಿಸಿ, ಏರಿಯಾ ಕೋಡ್ ಜಾಗದಲ್ಲಿ ಮೊದಲ ಸೊನ್ನೆಯನ್ನು ಬಿಟ್ಟು ಹಾಸನಕ್ಕೆ 8172, ಚಿಕ್ಕಮಗಳೂರಿಗೆ 8262, ಸಕಲೇಶಪುರಕ್ಕೆ 8173 ಎಂದು ಬರೆದು, ಸ್ಥಳೀಯ ಸಂಖ್ಯೆಯನ್ನು ಮಾತ್ರ ಅದರ ಜಾಗದಲ್ಲಿ ತುಂಬಿ. ಬಳಿಕ ಕಂಟ್ರೋಲ್ ಪ್ಯಾನೆಲ್‌ನ ‘ಫೋನ್ ಅಂಡ್ ಮೋಡೆಮ್ ಆಪ್ಷನ್ಸ್’ನಲ್ಲಿ ಮೂಡಿಗೆರೆಯನ್ನು 8263 ಕೋಡಿನೊಡನೆ ಒಂದು ಸ್ಥಳವಾಗಿಯೂ ಹಾಸನವನ್ನು 8172 ಕೋಡಿನೊಡನೆ ಇನ್ನೊಂದು ಸ್ಥಳವಾಗಿಯೂ ಸೇರಿಸಿ. ಲ್ಯಾಪ್‌ಟಾಪನ್ನು ಹಾಸನಕ್ಕೆ ಒಯ್ದ ದಿನ ಸ್ಥಳವನ್ನಷ್ಟೇ ಬದಲಿಸಿದರೆ, ಹಾಸನದ ಸಂಖ್ಯೆಗೆ ಸ್ಥಳೀಯ ಕರೆಯೂ ಉಳಿದವಕ್ಕೆ ಸೊನ್ನೆ ಮತ್ತು ಕೋಡ್ ಸಮೇತ ಎಸ್‌ಟಿಡಿ ಕರೆಯೂ ತಾನಾಗಿಯೇ ಹೋಗುತ್ತದೆ. ಫೋನ್‌ಬುಕ್ಕಿನ ಒಂದು ಅಂಕಿಯನ್ನೂ ಮುಟ್ಟಬೇಕಾಗಿಲ್ಲ.

ಒಂದೇ ಕಚೇರಿಗೆ ಎರಡು ಮೂರು ಲೈನುಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಸಂಪರ್ಕ ಬೇಡ. ‘ಆಲ್ಟರ್ನೇಟ್ಸ್’ ಗುಂಡಿಯನ್ನು ಒತ್ತಿ ಎಲ್ಲ ಸಂಖ್ಯೆಗಳನ್ನೂ ಒಂದೇ ಹೆಸರಿನಡಿ ಸೇರಿಸಿದರೆ, ಒಂದು ಸಿಗದಿದ್ದಾಗ ಮುಂದಿನದನ್ನು ಪ್ರಯತ್ನಿಸುವಂತೆಯೂ ಸಿಕ್ಕಿದ್ದನ್ನು ಪಟ್ಟಿಯ ಮೇಲಕ್ಕೆ ತರುವಂತೆಯೂ ಅಲ್ಲಿಯೇ ಹೇಳಬಹುದು. ಮಳೆಗಾಲದಲ್ಲಿ ಮಲೆನಾಡಿನ ಲೈನುಗಳು ಹೇಗಿರುತ್ತವೆಂಬುದು ತಮಗೆ ಗೊತ್ತೇ ಇದೆ. ಜೂನ್ ಬರುವ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ.

ಈ ವಿವರಗಳೆಲ್ಲ ಕುಳಿತಿರುವುದು ಪಿಬಿಕೆ ಎಂಬ ವಿಸ್ತರಣೆಯ ಒಂದು ಸಾಮಾನ್ಯ ಪಠ್ಯ ಕಡತದಲ್ಲಿ. ಎಲ್ಲ ಬಳಕೆದಾರರಿಗೂ ಸೇರಿದ ಸಂಪರ್ಕಗಳಾದರೆ ಅದು ಸಿ ಡ್ರೈವಿನ ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್‌ನಲ್ಲಿ, ಆಲ್ ಯೂಸರ್ಸ್, ಅಪ್ಲಿಕೇಶನ್ ಡೇಟಾ, ಮೈಕ್ರೋಸಾಫ್ಟ್, ನೆಟ್‌ವರ್ಕ್, ಕನೆಕ್ಷನ್ಸ್, ಪಿಬಿಕೆ ಎಂಬ ಫೋಲ್ಡರುಗಳ ಒಳಗೆ ಸಿಗುತ್ತದೆ. ಅಪ್ಲಿಕೇಶನ್ ಡೇಟಾ ಮರೆಯಲ್ಲಿರುವ ಫೋಲ್ಡರ್ ಆದ್ದರಿಂದ, ಮರೆಯಾದವುಗಳನ್ನು ತೋರಿಸುವ ಆಯ್ಕೆಯನ್ನು ಮೊದಲು ಚಾಲೂ ಮಾಡಬೇಕು. ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಚೌಕ ಆವರಣದೊಳಗೆ ಸಂಪರ್ಕದ ಹೆಸರು, ಅದರ ಕೆಳಗೆ ಏರಿಯಾ ಕೋಡ್, ಫೋನ್ ನಂಬರ್, ಪೋರ್ಟ್ ಎಂದು ಒಂದೊಂದು ಸಾಲು ಕಾಣುತ್ತದೆ. ಯಾವ ಸಂಖ್ಯೆ ಎರಡು ಸಲ ಸೇರಿಕೊಂಡಿದೆ ಎಂಬುದು ಇಲ್ಲಿ ‘ಫೈಂಡ್’ ಕೊಟ್ಟ ಕೂಡಲೇ ತಿಳಿಯುತ್ತದೆ. ಏನನ್ನಾದರೂ ತಿದ್ದುವ ಮುನ್ನ ಇದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದನ್ನು ದಯವಿಟ್ಟು ತಪ್ಪಿಸಬೇಡಿ.

ಚಿಕ್ಕಮಗಳೂರಿನ ಸಂಪರ್ಕಗಳನ್ನೇ ಪ್ರತ್ಯೇಕವಾಗಿಡಬೇಕೆಂದರೆ, ಕಡತದ ಇನ್ನೊಂದು ಪ್ರತಿಯಲ್ಲಿ ಉಳಿದವನ್ನು ಅಳಿಸಿ, ರನ್‌ನಲ್ಲಿ ರಾಸ್‌ಫೋನ್ ಪದದ ನಂತರ ಜಾಗ ಬಿಟ್ಟು ಹೈಫನ್ ಮತ್ತು ಎಫ್ ಅಕ್ಷರ ಹಾಕಿ, ಆ ಪ್ರತಿಯ ಪೂರ್ಣ ವಿಳಾಸವನ್ನು ಕೊಟ್ಟರೆ ಅದೊಂದೇ ತೆರೆಯುತ್ತದೆ. ಇದನ್ನೇ ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಆಗಿ ಇಟ್ಟುಕೊಂಡರೆ ಗುಮಾಸ್ತರಿಗೂ ಸುಲಭ. ಮುಂದೆ ಬೇರೆ ಕಂಪ್ಯೂಟರಿಗೆ ಕಡತವನ್ನು ಒಯ್ದಾಗ ಪಾಸ್‌ವರ್ಡ್‌ಗಳು ಜೊತೆಯಲ್ಲಿ ಬರುವುದಿಲ್ಲ, ಅವು ಅದರಲ್ಲಿ ಇರುವುದೇ ಇಲ್ಲ. ಅವನ್ನು ಹೊಸದಾಗಿ ಕೊಟ್ಟು, ಅಲ್ಲಿನ ಮೋಡೆಮ್ ಬೇರೆಯಾಗಿದ್ದರೆ ಪ್ರಾಪರ್ಟೀಸ್‌ನಲ್ಲಿ ಅದನ್ನು ಆರಿಸಿಕೊಳ್ಳಬೇಕಾಗುತ್ತದೆ.