ಮೂತ್ರಕೋಶದ ಒಳಪದರಕ್ಕೆ ಅಂತ ಮಾರೋ ಕ್ಯಾಪ್ಸೂಲ್ ಕೆಲಸ ಮಾಡ್ತಾವಾ?

ಅಮ್ಮಂಗೆ ಉರಿ, ಗಂಟೆಗೆರಡು ಸಲ ಬಾತ್‌ರೂಮು, ಆದ್ರೆ ಯೂರಿನ್ ಕಲ್ಚರ್ (ಇನ್ಫೆಕ್ಷನ್ ಇದೆಯಾ ಅಂತ ನೋಡೋ ಮೂತ್ರ ಪರೀಕ್ಷೆ) ಮೂರು ಸಲನೂ ನಾರ್ಮಲ್, ಈಗ ಗ್ಲುಕೋಸಮೈನ್ ಕಾಂಡ್ರಾಯಿಟಿನ್ ಕ್ವೆರ್ಸಿಟಿನ್ ಇರೋ ಡಬ್ಬಿ ತರಿಸ್ಲಾ ಅಂತ ಕಾರವಾರದಿಂದ ಕೇಳಿದೀರಿ. ನಾನು ಡಾಕ್ಟರ್ ಅಲ್ಲ, ಶಿರಸಿಯವಳು, ಆರು ವರ್ಷದಿಂದ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಇದೆ, ಅಂದ್ರೆ ಇನ್ಫೆಕ್ಷನ್ ಇಲ್ದೇನೇ ಮೂತ್ರಕೋಶ ಉರಿಯೋ, ಪದೇಪದೇ ಬಾತ್ರೂಮಿಗೆ ಓಡಿಸೋ ಕಾಯಿಲೆ, ಆ ಥರದ್ದು ನಾಲ್ಕು ತಿಂಗಳು ನುಂಗಿದೀನಿ.

ಥಿಯರಿ ಏನೋ ಚೆನ್ನಾಗಿದೆ. ಮೂತ್ರಕೋಶದ ಒಳಗೆ ಲೋಳೆ ಥರ ಒಂದು ಪದರ ಇರ್ತದೆ, ಜಿಎಜಿ ಲೇಯರ್ ಅಂತಾರೆ, ಅದು ಸವೆದ್ರೆ ಮೂತ್ರದಲ್ಲಿರೋ ಪೊಟ್ಯಾಶಿಯಂ ಒಳಗೆ ಇಳಿದು ನರ ಕೆರಳಿಸ್ತದೆ ಅಂತ. ಕಾಂಡ್ರಾಯಿಟಿನ್ ಆ ಪದರದಲ್ಲೇ ಇರೋದು, ಹಾಗಾಗಿ ತಿಂದ್ರೆ ಪದರ ಸರಿ ಆಗ್ತದೆ ಅನ್ನೋ ಲೆಕ್ಕ. ಗೋಡೆ ಬಿರುಕು ಬಿಟ್ಟಿದೆ ಅಂತ ಮನೆ ಯಜಮಾನ ಸಿಮೆಂಟ್ ತಿಂದಂಗೆ ಮಾರಾಯ್ರೆ! ದೊಡ್ಡ ಅಣು ಅದು, ಹೊಟ್ಟೆಯಿಂದ ರಕ್ತಕ್ಕೆ ಸೇರೋದೇ ಕಮ್ಮಿ. ಟ್ಯೂಬ್ ಹಾಕಿ ನೇರ ಮೂತ್ರಕೋಶಕ್ಕೇ ಬಿಟ್ಟು ನೋಡಿದ ಟ್ರಯಲ್‌ಗಳಲ್ಲೂ ಪ್ಲಸೀಬೋಗಿಂತ (ಔಷಧಿ ಇಲ್ಲದ ಹುಸಿ ಡೋಸು) ಸ್ಪಷ್ಟವಾಗಿ ಮೇಲು ಅಂತ ಬರ್ಲಿಲ್ಲ.

ಕ್ವೆರ್ಸಿಟಿನ್‌ಗೆ 2001ರ ಒಂದು ಸಣ್ಣ ಸ್ಟಡಿ ಇದೆ, 22 ಜನ, 500 ಮಿಲಿಗ್ರಾಂ ದಿನಕ್ಕೆರಡು ಸಲ, ನಾಲ್ಕು ವಾರ. ಸುಮಾರು ಜನಕ್ಕೆ ಹಗುರ ಆಯ್ತಂತೆ, ಆದ್ರೆ ಪ್ಲಸೀಬೋ ಗುಂಪೇ ಇರ್ಲಿಲ್ಲ, ಈ ಕಾಯಿಲೆ ತಾನಾಗೇ ಏರಿ ಇಳಿಯೋದು ಬೇರೆ. ನಂಗೂ ಎರಡನೇ ತಿಂಗಳು ಆರಾಮ ಅನ್ಸಿತ್ತು, ನಿಲ್ಸಿದ ಮೇಲೂ ಹಾಗೇ ಇತ್ತು, ಯಾವುದರಿಂದ ಅಂತ ಹೇಳೋದು! ಡಾಕ್ಟರ್ ಪೆಂಟೋಸನ್ ಬರೆದ್ರೆ ಅದು ಬೇರೆ ವಿಷ್ಯ, ಈ ಕಾಯಿಲೆಗೇ ಅಂತ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕ ಔಷಧಿ, ಆದ್ರೆ ರೆಟಿನಾಕ್ಕೆ ತೊಂದ್ರೆ ಆಗ್ಬಹುದು ಅಂತ 2020ರಲ್ಲಿ ಎಚ್ಚರಿಕೆ ಸೇರ್ಸಿದಾರೆ, ಕಣ್ಣು ತೋರಿಸ್ಕೊಂಡೇ ಶುರು ಮಾಡಿ.

ಗ್ಲುಕೋಸಮೈನ್ ಹೆಚ್ಚಾಗಿ ಶೆಟ್ಲಿ (ಸಿಗಡಿ), ಏಡಿ ಚಿಪ್ಪಿಂದ ತೆಗೆಯೋದು. ನಿಮ್ಮ ಕಡೆ ಅದೇನು ದೊಡ್ಡದಲ್ಲ ಬಿಡಿ, ನಮ್ಮನೇಲಿ ಅತ್ತೆಗೆ ಗೊತ್ತಾದ ದಿನ ಡಬ್ಬಿ ಅಡಿಗೆಮನೆಯಿಂದ ಜಗಲಿಗೆ ಬಂತು. ಶೆಟ್ಲಿ ಅಲರ್ಜಿ ಇದ್ರೆ ಬೇಡ. ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೊಳ್ತಿದ್ರೂ ಡಾಕ್ಟ್ರನ್ನ ಕೇಳದೆ ಬೇಡ, ರಕ್ತ ಇನ್ನೂ ತೆಳು ಆಗ್ಬಹುದು.

ನಂಗೆ ಗೊತ್ತಾಗೋ ಹಾಗೆ ಫರಕ್ ಬಿದ್ದಿದ್ದು ಊಟದಲ್ಲಿ. ಕ್ರ್ಯಾನ್‌ಬೆರಿ ಒಳ್ಳೇದು ಅಂತಾರಲ್ಲ, ಅದು ಪದೇಪದೇ ಇನ್‌ಫೆಕ್ಷನ್ ಆಗೋರಿಗೆ, ನಮ್ಮಂಥವರಿಗೆ ಹುಳಿ ಉರಿ ಹೆಚ್ಚಿಸ್ತದೆ. ಕ್ಯಾಲೆಂಡರ್ ಹಿಂದೆ ಬರೀತಾ ಹೋದೆ, ಅಪ್ಪೆಹುಳಿ ಕುಡಿದ ರಾತ್ರಿ ಐದು ಸಲ ಎದ್ದಿದೀನಿ, ಮುರುಗಲ ಪಾನಕಕ್ಕೂ ಹಾಗೇ, ಚಾ ಒಂದು ಲೋಟಕ್ಕೆ ಇಳಿಸಿದ ವಾರ ಎರಡೇ ಸಲ. ಡಬ್ಬಿ ತರ್ಸೋದೇ ಆದ್ರೆ ಹೀಗೆ ಬರ್ಕೊಂಡು ಒಂದೇ ಒಂದು ಶುರು ಮಾಡಿ, ಮತ್ತೆ ಅದ್ರಲ್ಲಿ ವಿಟಮಿನ್ ಸಿ ಸೇರ್ಸಿದಾರಾ ಅಂತ ಲೇಬಲ್ ಓದಿ, ಅದೂ ಹುಳಿನೇ.