ವಾದ್ಯಗಳಿಲ್ಲದ ತರಗತಿಯಲ್ಲಿ ಸಂಗೀತ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ನಮ್ಮಲ್ಲಿ ಹಾರ್ಮೋನಿಯಂ, ತಬಲಾ ಯಾವುದೂ ಇಲ್ಲ. ಕೊರಳು ಮತ್ತು ಮೈಯಿಂದ ಹೊರಡುವ ಧ್ವನಿಗಳಿಂದಲೇ ಸಂಗೀತ ಕಲಿಸಬಹುದೆಂದು ಕೇಳಿ ಎರಡು ಮತ್ತು ಮೂರನೆಯ ತರಗತಿಯ 26 ಮಕ್ಕಳೊಂದಿಗೆ ಪ್ರಯತ್ನಿಸಿದೆ. ಐದೇ ನಿಮಿಷದಲ್ಲಿ ಚಪ್ಪಾಳೆ ಗದ್ದಲವಾಗಿ, ಪಕ್ಕದ ಕೊಠಡಿಯವರು ಬಾಗಿಲಿಗೆ ಬಂದರು. ಇಬ್ಬರು ಹುಡುಗರ ಧ್ವನಿಯಂತೂ ಯಾವ ಶ್ರುತಿಗೂ ಸೇರುವುದಿಲ್ಲ. ವಾರ್ಷಿಕೋತ್ಸವದಲ್ಲಿ ಅವರಿಗೆ ಬಾಯಿ ಮಾತ್ರ ಆಡಿಸಲು ಹೇಳಿದೆ. ನಾನು ತಪ್ಪಿದ್ದು ಎಲ್ಲಿ?

ಉತ್ತರ: ತಾವು ಚಪ್ಪಾಳೆಯಿಂದ ಆರಂಭಿಸಿದ್ದೇ ತೊಡಕಿಗೆ ಕಾರಣವಿರಬಹುದು. ಮೈ ಮಾಡಬಲ್ಲ ಸದ್ದುಗಳಲ್ಲಿ ಚಪ್ಪಾಳೆ ಬಹು ಜೋರಾದದ್ದು. 26 ಮಕ್ಕಳು ಒಟ್ಟಿಗೆ ತಟ್ಟಿದರೆ ಯಾರಿಗೂ ತನ್ನ ಸದ್ದು ಕೇಳಿಸುವುದಿಲ್ಲ, ಕೇಳಿಸದಿದ್ದಾಗ ಇನ್ನೂ ಜೋರಾಗಿ ತಟ್ಟುತ್ತಾರೆ. ಆದ್ದರಿಂದ ಅತ್ಯಂತ ಸಣ್ಣ ಸದ್ದಿನಿಂದ ಹೊರಡಿ. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ, ಅಂಗೈಗಳನ್ನು ಉಜ್ಜಿದಾಗ ಬರುವ ಸರಸರ ಸದ್ದನ್ನು ಒಬ್ಬರಿಂದ ಪಕ್ಕದವರಿಗೆ ದಾಟಿಸುತ್ತ ಹೋಗಲು ಹೇಳಿ. ಸದ್ದು ಪೂರ್ತಿ ಒಂದು ಸುತ್ತು ಬರುವವರೆಗೆ ಉಳಿದವರು ಕಿವಿಗೊಟ್ಟು ಕಾಯಲೇಬೇಕಾಗುತ್ತದೆ.

ಮುಂದೆ ಮಳೆಯನ್ನು ಕಟ್ಟಿ. ಅಂಗೈ ಉಜ್ಜಿದರೆ ಸುಯ್ಯೆನ್ನುವ ಗಾಳಿ, ಎರಡು ಬೆರಳಿನಿಂದ ಅಂಗೈ ತಟ್ಟಿದರೆ ಜಿಟಿಜಿಟಿ ಹನಿ, ತೊಡೆ ತಟ್ಟಿದರೆ ಪಟಪಟ, ಎಲ್ಲರೂ ಪಾದಗಳಿಂದ ನೆಲ ಬಡಿದರೆ ಧೋ ಎಂದು ಸುರಿಯುವ ಮಳೆ. (ಈ ವಯಸ್ಸಿನ ಅನೇಕರಿಗೆ ಚಿಟಿಕೆ ಹೊಡೆಯಲು ಬರುವುದಿಲ್ಲವಾದ್ದರಿಂದ ಎರಡು ಬೆರಳು ಸಾಕು.) ಅನಂತರ ಅದೇ ಕ್ರಮದಲ್ಲಿ ಹಿಂದಕ್ಕೆ ಬಂದು ಮೌನದಲ್ಲಿ ನಿಲ್ಲಿಸಿ. ವ್ಯಾಕರಣದ ಪಾಠದಲ್ಲಿ ಅನುಕರಣಾವ್ಯಯಗಳೆಂದು ಪಟ್ಟಿ ಮಾಡಿಸುವ ಪದಗಳೆಲ್ಲ ಇಲ್ಲಿ ಮಕ್ಕಳ ಕೈಯಲ್ಲೇ ಆಡುತ್ತವೆ. ಒಂದು ಮಗುವನ್ನು ನಡುವೆ ನಿಲ್ಲಿಸಿ, ಕೈ ಮೇಲೆತ್ತಿದರೆ ಜೋರು, ಇಳಿಸಿದರೆ ಮೆಲ್ಲಗೆ, ಮುಷ್ಟಿ ಬಿಗಿದರೆ ನಿಶ್ಶಬ್ದ ಎಂಬ ಅಧಿಕಾರವನ್ನು ಅದಕ್ಕೆ ಕೊಡಿ. ಶಿಕ್ಷಕರು ‘ಸುಮ್ಮನಿರಿ’ ಎಂದು ಹತ್ತು ಸಲ ಹೇಳಿದರೂ ಬಾರದ ನಿಶ್ಶಬ್ದವು ಏಳು ವರ್ಷದ ಹುಡುಗಿಯೊಬ್ಬಳ ಮುಷ್ಟಿಗೆ ಬರುವುದನ್ನು ನಾನು ಅನೇಕ ತರಗತಿಗಳಲ್ಲಿ ಕಂಡಿದ್ದೇನೆ.

ಹುಡುಕಾಟಕ್ಕೂ ಸಮಯವಿರಲಿ. ಅಂಗೈಗಳನ್ನು ಬೋಗುಣಿಯಂತೆ ಬಗ್ಗಿಸಿ ತಟ್ಟಿದರೆ ಸದ್ದು ತಗ್ಗಿನದು, ಚಪ್ಪಟೆಯಾಗಿ ತಟ್ಟಿದರೆ ಮೊನಚು. ಕೆನ್ನೆಯನ್ನು ಬೆರಳಿನಿಂದ ತಟ್ಟುತ್ತ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಿದರೆ ಸ್ಥಾಯಿ ಏರಿಳಿಯುತ್ತದೆ. ಬಾಯೊಳಗಿನ ಗಾಳಿಯ ಅವಕಾಶ ಬದಲಾಗುವುದೇ ಅದಕ್ಕೆ ಕಾರಣ. ಇದನ್ನು ತಾವಾಗಿ ಹೇಳಿಕೊಡಬೇಡಿ. ಯಾವುದಾದರೂ ಮಗು ಕಂಡುಹಿಡಿದೇ ತೀರುತ್ತದೆ, ಆಗ ಉಳಿದವರೆಲ್ಲ ಅದರ ಮುಖ ನೋಡುತ್ತ ಕಲಿಯುತ್ತಾರೆ.

ಆ ಇಬ್ಬರು ಹುಡುಗರ ವಿಷಯ ನನ್ನ ಮನಸ್ಸನ್ನು ಹೆಚ್ಚು ಕಾಡಿತು. ದಯವಿಟ್ಟು ಇನ್ನೆಂದೂ ಅವರಿಗೆ ಬಾಯಿ ಮಾತ್ರ ಆಡಿಸಲು ಹೇಳಬೇಡಿ. ‘ನಿನಗೆ ಹಾಡು ಬರದು’ ಎಂಬ ಮಾತನ್ನು ಚಿಕ್ಕಂದಿನಲ್ಲಿ ಕೇಳಿ, ಐವತ್ತು ದಾಟಿದರೂ ಜೋಗುಳಕ್ಕೂ ಬಾಯಿ ತೆರೆಯದವರನ್ನು ನಾನು ಬಲ್ಲೆ. ಮೊದಲು ತಾವು ಹಿಡಿಯುವ ಶ್ರುತಿಯನ್ನು ಪರೀಕ್ಷಿಸಿ. ಮಕ್ಕಳ ಧ್ವನಿತಂತುಗಳು ಚಿಕ್ಕವಾದ್ದರಿಂದ ಅವರ ದನಿ ದೊಡ್ಡವರದಕ್ಕಿಂತ ಮೇಲಿನ ಸ್ಥಾಯಿಯದು. ನಾವು ನಮ್ಮ ಕೊರಳಿಗೆ ಒಗ್ಗುವಂತೆ ಕೆಳಗೆ ಹಾಡಿಸಿದರೆ ಅವರಲ್ಲಿ ಕೆಲವರು ಹಾಡುವುದನ್ನೇ ಬಿಟ್ಟು ಮಾತಿನ ದನಿಯಲ್ಲಿ ಗೊಣಗುತ್ತಾರೆ. ಇನ್ನು ಕೆಲವರಿಗೆ ದನಿಯನ್ನು ಏರಿಸಿ ಇಳಿಸುವ ಅನುಭವವೇ ಆಗಿರುವುದಿಲ್ಲ. ಅಂಥವರಿಂದ ಗಾಳಿಪಟ ಮೇಲೇರುವ, ಸೊಳ್ಳೆ ಕಿವಿಯ ಬಳಿ ಸುಳಿದು ಹೋಗುವ, ಆಂಬುಲೆನ್ಸ್ ಕೂಗುವ ಸದ್ದುಗಳನ್ನು ಮಾಡಿಸಿ. ಹಾಡಿನಲ್ಲಿ ಒಂದೇ ಸ್ವರಕ್ಕೆ ಅಂಟಿಕೊಂಡಿದ್ದ ಹುಡುಗನೊಬ್ಬ, ಘಾಟಿ ಹತ್ತುವ ಬಸ್ಸಿನ ಸದ್ದು ಮಾಡುವಾಗ ಗೇರು ಬದಲಾದಂತೆಲ್ಲ ದನಿಯನ್ನು ಎಷ್ಟೋ ಮೆಟ್ಟಿಲು ಏರಿಸುತ್ತಿದ್ದ. ಅವನು ನಿಲ್ಲಿಸಿದ ಸ್ವರವನ್ನೇ ನಾನು ಹಿಡಿದು ಹಾಡಿದೆ. ಅವನು ನನ್ನ ಶ್ರುತಿಗೆ ಬರುವ ಮೊದಲು ನಾನು ಅವನ ಶ್ರುತಿಗೆ ಹೋಗಬೇಕಿತ್ತು. ಆದರೆ ಕಿರುಚಾಟ ಬೇಡ. ಕೊರಳು ನೊಂದರೆ ಆ ದಿನದ ಪಾಠ ಅಲ್ಲಿಗೇ ಮುಗಿಯಲಿ.

ಪ್ರಶ್ನೆ: ನನ್ನ ಮಗಳ ಶಾಲೆಯಲ್ಲಿ ಸಂಗೀತವೆಂದರೆ ತೊಡೆ ತಟ್ಟಿಸುತ್ತಾರೆ. ಇದು ಪಾಶ್ಚಾತ್ಯರ ಅನುಕರಣೆಯಲ್ಲವೇ? ಕರ್ನಾಟಕ ಸಂಗೀತದ ಮೊದಲ ಸ್ವರಪಾಠವಾದ ಸರಳೆವರಸೆಯನ್ನೇ ನೇರವಾಗಿ ಏಕೆ ಕಲಿಸಬಾರದು? (ಓದುಗರೊಬ್ಬರು, ಮೈಸೂರು)

ಉತ್ತರ: ಮೈಯ ಸದ್ದುಗಳನ್ನು ಮಕ್ಕಳ ಸಂಗೀತ ಶಿಕ್ಷಣದಲ್ಲಿ ವ್ಯವಸ್ಥಿತವಾಗಿ ಅಳವಡಿಸಿದವರಲ್ಲಿ ಜರ್ಮನಿಯ ಕಾರ್ಲ್ ಆರ್ಫ್ (1895–1982) ಮತ್ತು ಅವರ ಸಹೋದ್ಯೋಗಿ ಗುನಿಲ್ಡ್ ಕೀಟ್ಮನ್ ಪ್ರಮುಖರೆಂಬುದು ನಿಜ, 1924ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದ ಶಾಲೆಯೊಂದರಲ್ಲಿ ಸಂಗೀತ ಮತ್ತು ಚಲನೆಯನ್ನು ಒಟ್ಟಿಗೆ ಕಲಿಸಿದ ಅನುಭವವೇ ಅವರ ಪದ್ಧತಿಗೆ ಬುನಾದಿ. ಆದರೆ ಆದಿತಾಳವನ್ನು ಗಮನಿಸಿ: ಒಂದು ಘಾತ (ಅಂಗೈ ತಟ್ಟು), ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಎರಡು ಸಲ ಘಾತ ಮತ್ತು ಬೀಸು, ಒಟ್ಟು 8 ಎಣಿಕೆ. ನಮ್ಮ ಸಂಗೀತಗಾರರು ಕಾಲವನ್ನು ಅಳೆಯುವುದು ಕೈಯಿಂದ, ತೊಡೆಯ ಮೇಲೆಯೇ. ಕೊನ್ನಕೋಲ್ ಕಲಾವಿದರು ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುತ್ತಾರೆ.

ಕನ್ನಡದ ಮಗುವಿಗೆ ಇನ್ನೂ ಒಂದು ಅನುಕೂಲವಿದೆ. ಬಲಗಾಲು ಊರಿ ‘ತಕಿಟ’, ತೊಡೆ ತಟ್ಟಿ ‘ತಕಧಿಮಿ’ ಎನ್ನುತ್ತ ಹೋದರೆ 3 ಮತ್ತು 4 ಸೇರಿ 7 ಮಾತ್ರೆಗಳ ಮಿಶ್ರಛಾಪು ತಾಳ ಸಿದ್ಧವಾಗುತ್ತದೆ. ಕುಮಾರವ್ಯಾಸನ ಭಾರತದ ಭಾಮಿನಿ ಷಟ್ಪದಿಯ ನಡೆಯೂ ಅದೇ. ಇದು ಕಾಲಿನಲ್ಲಿ ನೆಲೆಸಿದ ಮಗುವಿಗೆ ಪ್ರೌಢಶಾಲೆಯಲ್ಲಿ ಛಂದಸ್ಸಿನ ಗಣ ವಿಭಾಗ ಕಷ್ಟವಾಗದು.

ಸರಳೆವರಸೆಯನ್ನು ಖಂಡಿತ ಕಲಿಸಿ. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಆ ಕ್ರಮಕ್ಕೂ ತೊಡೆ ತಟ್ಟುವುದಕ್ಕೂ ವಿರೋಧವಿಲ್ಲ. ತಮ್ಮ ಮಗಳು ಮಾಯಾಮಾಳವಗೌಳ ರಾಗದಲ್ಲಿ ಮೊದಲ ವರಸೆ ಹಾಡುವಾಗ ತಾಳವನ್ನು ಅವಳೇ ಹಾಕಲಿ. ಎರಡನೆಯ ಕಾಲದಲ್ಲಿ ಸ್ವರಗಳು ಇಮ್ಮಡಿ ವೇಗಕ್ಕೆ ಹೋದಾಗ ಅವಳ ಕೈಯೂ ಓಡುತ್ತಿದೆಯೇ, ಮೊದಲಿನ ನಡೆಯಲ್ಲೇ ಇದೆಯೇ ಎಂಬುದನ್ನು ಗಮನಿಸಿ. ಓಡುತ್ತಿದ್ದರೆ ಒಂದು ವಾರ ಸ್ವರಗಳನ್ನು ಬದಿಗಿಟ್ಟು, ತೊಡೆ ತಟ್ಟುತ್ತ ಸೊಲ್ಲುಗಳನ್ನು ಮಾತ್ರ ಹೇಳಿಸಿ.